ಮಿಂದವರ ನೀರು

ಆ ಊರಿಗೆ ನದಿ ಇರಲಿಲ್ಲ. ಕೆರೆ ಇರಲಿಲ್ಲ, ಹಳ್ಳವೂ ಇರಲಿಲ್ಲ. ನೆಲವೆಲ್ಲ ಸುಣ್ಣದಂಥ ಬಿಳಿ ಕಲ್ಲು. ಎಷ್ಟು ಮಳೆ ಸುರಿದರೂ ಆ ಕಲ್ಲು ಸದ್ದಿಲ್ಲದೆ ಕುಡಿದುಬಿಡುತ್ತಿತ್ತು, ನೀರೆಲ್ಲ ನೆಲದ ಕೆಳಗೆ ಹರಿಯುತ್ತಿತ್ತು. ಕಾಡಿನ ನಡುವೆ ಒಂದು ಕಡೆ ಮಾತ್ರ ನೆಲ ಕುಸಿದು ದುಂಡಗಿನ ಬಾಯಿ ತೆರೆದುಕೊಂಡಿತ್ತು. ಅದರೊಳಗೆ, ಅರವತ್ತು ಮೆಟ್ಟಿಲು ಕೆಳಗೆ, ನೀಲಿ ನೀರು ನಿಂತಿತ್ತು. ಮೇಲಿನ ಮರಗಳ ಬೇರುಗಳು ಹಗ್ಗದ ಹಾಗೆ ಇಳಿಬಿದ್ದು ಆ ನೀರನ್ನು ಮುಟ್ಟುತ್ತಿದ್ದವು. ಊರಿನವರು ಅದನ್ನು ಮಡು ಎನ್ನುತ್ತಿದ್ದರು.

ಮಡುವಿನಿಂದ ಸ್ವಲ್ಪ ದೂರದಲ್ಲಿ ಕಲ್ಲುಗುಡ್ಡವಿತ್ತು. ಅದು ತಾನಾಗಿ ಹುಟ್ಟಿದ ಗುಡ್ಡವಲ್ಲ, ಕಟ್ಟಿದ ಗುಡ್ಡ. ನಕ್ಷತ್ರ ನೋಡಿ ಜೋಳ ಬಿತ್ತುವ ದಿನ ಗೊತ್ತುಮಾಡುತ್ತಿದ್ದ ಜನ ಯಾವುದೋ ಕಾಲದಲ್ಲಿ ಮೆಟ್ಟಿಲ ಮೇಲೆ ಮೆಟ್ಟಿಲಿಟ್ಟು ಅದನ್ನು ಮರಗಳ ತಲೆಗಿಂತ ಮೇಲಕ್ಕೆ ಏರಿಸಿದ್ದರು. ಆ ಜನ ಹೋದರು, ಮೆಟ್ಟಿಲು ಉಳಿಯಿತು. ಆ ಮೆಟ್ಟಿಲು ಹತ್ತಲು, ಆಮೇಲೆ ಮಡುವಿನಲ್ಲಿ ಮೀಯಲು ದೂರದೂರದಿಂದ ಜನ ಬರುತ್ತಿದ್ದರು. ಬೆಳಿಗ್ಗೆ ಗಾಡಿಯಲ್ಲಿ ಬಂದು ಸಂಜೆಗೆ ಹೊರಟುಹೋಗುತ್ತಿದ್ದರು. ಊರಿನವರ ಬಾಯಲ್ಲಿ ಅವರಿಗೆ ಬೇರೆ ಹೆಸರಿರಲಿಲ್ಲ. ಬಂದವರು, ಅಷ್ಟೆ.

ಆ ಊರಿಗೊಂದು ಕಟ್ಟಳೆ ಇತ್ತು. ಬಂದವರು ಮಿಂದ ನೀರನ್ನು, ಅದೇ ದಿನ, ಮಡುವಿನ ಮೇಲಿಂದ ಬಿಸಿಲು ಸರಿಯುವ ಮೊದಲು, ಊರಿನ ಒಬ್ಬರು ಒಂದು ಸೋರೆಬುರುಡೆ ತುಂಬ ಕುಡಿಯಬೇಕು. ಕುಡಿಯುವಾಗ ಮುಖ ಕಿವುಚಬಾರದು. ಕುಡಿದ ಮೇಲೆ ನಗಬೇಕು. ಮುಖ ಕಿವುಚಿದರೆ ಆ ಗಳಿಗೆಯಿಂದ ಮಡು ಊರಿನದಲ್ಲ. ಆಮೇಲೆ ಊರಿನ ಯಾರೂ ಅದರ ಒಂದು ಹನಿಯನ್ನೂ ಬಾಯಿಗೆ ಹಾಕುವಂತಿಲ್ಲ.

ಆ ಕೆಲಸಕ್ಕೆ ನಿಂತವಳನ್ನು ಕುಡಿಯುವವಳು ಎಂದು ಕರೆಯುತ್ತಿದ್ದರು. ಹಿಂದಿನ ಕುಡಿಯುವವಳು ಗಂಟಲು ಬಾತು ಸತ್ತಾಗ ಊರ ಯಜಮಾನ ಹೆಣ್ಣುಮಕ್ಕಳನ್ನೆಲ್ಲ ಸಾಲಾಗಿ ಕೂರಿಸಿ, ಕಾಡುಬಳ್ಳಿಯ ಕಷಾಯವನ್ನು ಒಬ್ಬೊಬ್ಬರಿಗೂ ಕುಡಿಸಿದ. ನಾಲಿಗೆ ಸೀಳುವಂಥ ಕಹಿ. ಒಬ್ಬಳು ಉಗಿದಳು, ಒಬ್ಬಳು ಅತ್ತಳು, ಒಬ್ಬಳು ಕಣ್ಣು ಮುಚ್ಚಿದಳು. ಸಾಲಿನ ಕೊನೆಯಲ್ಲಿದ್ದವಳು ಮಾತ್ರ ಅಷ್ಟನ್ನೂ ಕುಡಿದು ಯಜಮಾನನ ಮುಖ ನೋಡಿಕೊಂಡು ಸುಮ್ಮನೆ ಕೂತಿದ್ದಳು. ಅವಳಿಗೂ ಕಹಿಯಾಗಿತ್ತು. ಎದುರಿಗೆ ತಾಯಿ ನಿಂತಿದ್ದಳು, ತಾಯಿಗೆ ಅವಮಾನವಾಗಬಾರದು ಎಂದು ತಡೆದುಕೊಂಡಿದ್ದಳು. ಆಗ ಅವಳಿಗೆ ಇಪ್ಪತ್ತೆರಡು ವರ್ಷ. ಅಂದಿನಿಂದ ಹದಿನೆಂಟು ವರ್ಷ ಅವಳೇ ಕುಡಿಯುವವಳು. ತಾಯಿ ಇಟ್ಟ ಹೆಸರನ್ನು ಊರು ಮರೆತಿತ್ತು.

ಹದಿನೆಂಟು ವರ್ಷ ಅವಳು ಹೇಸಿಗೆಯನ್ನು ನಾಲಿಗೆಯ ಕೆಳಗೆ ಇಟ್ಟುಕೊಂಡಿದ್ದಳು. ಊರಿಗೆಲ್ಲ ಇರುವುದು ಇದೊಂದೇ ನೀರು, ನಾನು ಮುಖ ಕಿವುಚಿದರೆ ಊರೇ ಬಾಯಾರಿ ಸಾಯುತ್ತದೆ ಎಂದು ಹೇಳಿಕೊಳ್ಳುತ್ತಿದ್ದಳು. ಹಾಗೆ ಹೇಳಿಕೊಂಡು ನುಂಗುತ್ತಿದ್ದಳು.

ಆ ದಿನ ಐದು ಗಾಡಿ ಬಂದಿದ್ದವು. ಸೆಕೆ ಎಂದರೆ ಸೆಕೆ, ಕಾಡಿನಲ್ಲಿ ಒಂದು ಎಲೆಯೂ ಅಲುಗುತ್ತಿರಲಿಲ್ಲ. ಗಾಡಿಗಳಿಂದ ಇಳಿದ ಬಂದವರು ಮೊದಲು ಮಾಡಿದ ಕೆಲಸ ಬಿಸಿಲಿಗೆ ಹಚ್ಚುವ ಬಿಳಿ ಮುಲಾಮನ್ನು ಮೈಗೆಲ್ಲ ಮೆತ್ತಿಕೊಂಡದ್ದು. ಕುತ್ತಿಗೆಯ ಮಡಿಕೆಯಲ್ಲಿ, ಕಿವಿಯ ಹಿಂದೆ, ಕಾಲ್ಬೆರಳ ಸಂದಿಯಲ್ಲಿ. ಒಬ್ಬರ ಬೆನ್ನಿಗೆ ಒಬ್ಬರು ತಿಕ್ಕಿದರು. ಕುಡಿಯುವವಳು ಬಿಳಿ ನಿಲುವಂಗಿ ತೊಟ್ಟು, ಬರಿಗಾಲಲ್ಲಿ, ಸೋರೆಬುರುಡೆಯನ್ನು ತಲೆಯ ಮೇಲಿಟ್ಟುಕೊಂಡು ಒಂದು ಕಡೆ ನಿಂತು ಅದನ್ನು ನೋಡುತ್ತಿದ್ದಳು. ಈಗ ಮೈಗೆ ಹೋಗುವುದು ಮಧ್ಯಾಹ್ನ ನೀರಿಗೆ ಬರುತ್ತದೆ, ನೀರಿನಿಂದ ನನ್ನ ಗಂಟಲಿಗೆ ಬರುತ್ತದೆ. ಅವಳಿಗೆ ಆ ದಾರಿ ಕಣ್ಣಿಗೆ ಕಟ್ಟಿದಂತಿತ್ತು.

ಬಂದವರನ್ನು ಸುತ್ತಾಡಿಸುವವನು ಮಾರ್ಗದರ್ಶಿ. ಕೈಯಲ್ಲಿ ಕೆಂಪು ಬಾವುಟ ಹಿಡಿದು ಮುಂದೆ ಮುಂದೆ ಹೋಗುತ್ತಿದ್ದ. ಅವನ ಹಿಂದೆ ಕುಡಿಯುವವಳು, ಅವಳ ಹಿಂದೆ ಬಂದವರು. ಕಲ್ಲುಗುಡ್ಡದ ಬುಡದಲ್ಲಿ ಬಾವುಟ ನೆಟ್ಟು ಹೇಳಿದ:

"ಇಲ್ಲಿ ನಿಂತು ಚಪ್ಪಾಳೆ ತಟ್ಟಿ. ಗುಡ್ಡ ಮಾತಾಡುತ್ತೆ."

ಅವರು ತಟ್ಟಿದರು. ಮೆಟ್ಟಿಲುಗಳ ನಡುವಿನಿಂದ ಹಕ್ಕಿಯ ಕೂಗಿನಂಥ ದನಿ ಮರಳಿ ಬಂತು. ಅವರು ನಕ್ಕು ಮತ್ತೆ ತಟ್ಟಿದರು. ಮತ್ತೆ, ಮತ್ತೆ. ಕುಡಿಯುವವಳಿಗೆ ಅದು ಕತ್ತು ಹಿಚುಕಿಸಿಕೊಳ್ಳುತ್ತಿರುವ ಹಕ್ಕಿಯ ದನಿಯಂತೆ ಕೇಳುತ್ತಿತ್ತು.

"ಈ ಗುಡ್ಡ ಕಟ್ಟಿದವರು ಬರಗಾಲ ಬಂದಾಗ ಮನುಷ್ಯರನ್ನು ಮಡುವಿಗೆ ಎಸೆಯುತ್ತಿದ್ದರು" ಎಂದ ಮಾರ್ಗದರ್ಶಿ, ದನಿ ತಗ್ಗಿಸಿ.

"ಎಷ್ಟು ಜನ?" ಎಂದು ಒಬ್ಬ ಕೇಳಿದ. ಯಾವಾಗಲೂ ಯಾರಾದರೂ ಕೇಳುತ್ತಿದ್ದರು.

"ಮುನ್ನೂರು."

ಹೋದ ವರ್ಷ ಮೂವತ್ತಿತ್ತು. ಬಂದವರ ಮುಖದಲ್ಲಿ ಸಣ್ಣ ಸಂತೋಷದ ನಡುಕ ಹಾಯಿತು. ಸತ್ತವರ ಮೇಲೆ ಈಜುತ್ತೇವೆ ಎಂಬುದು ಅವರಿಗೆ ಇಷ್ಟವಾಗುತ್ತಿತ್ತು.

ಗುಡ್ಡದ ನಡುಮೆಟ್ಟಿಲಲ್ಲಿ ಒಂದು ಮುಖ ಕೆತ್ತಿದ್ದರು. ಬುರುಡೆಯನ್ನು ಬಾಯಿಗೆ ಹಿಡಿದ ಹೆಣ್ಣಿನ ಮುಖ. ಅದರ ತುಟಿ ಮುಟ್ಟಿದರೆ ಒಳ್ಳೆಯದಾಗುತ್ತದೆ ಎಂದು ಮಾರ್ಗದರ್ಶಿ ಹೇಳಿ ಹೇಳಿ, ಮುಟ್ಟಿಸಿ ಮುಟ್ಟಿಸಿ ತುಟಿ ಸವೆದು ಗುಳಿಯಾಗಿತ್ತು. ಗುಳಿಯಲ್ಲಿ ಜಿಡ್ಡು ಕೂತು ಕರ್ರಗಾಗಿತ್ತು. ಬಂದವರು ಒಬ್ಬೊಬ್ಬರೇ ಅದರಲ್ಲಿ ಬೆರಳಿಟ್ಟರು.

"ಇವಳೂ ಅದೇ ವಂಶ" ಎಂದು ಮಾರ್ಗದರ್ಶಿ ಕುಡಿಯುವವಳನ್ನು ತೋರಿಸಿದ. ಅವನು ಹಾಗೆ ಹೇಳಿದರೆ ಅವಳು ಮುಖ ಮುಂದೆ ಚಾಚಬೇಕು. ಚಾಚಿದಳು. ದಪ್ಪ ಬೆರಳೊಂದು ಅವಳ ತುಟಿಯ ಮೇಲೆ ಕೂತಿತು. ಮುಲಾಮು, ಬೆವರು, ಬೆಳಿಗ್ಗೆ ತಿಂದ ಮೊಟ್ಟೆಯ ವಾಸನೆ. ಆಮೇಲೆ ಇನ್ನೊಂದು ಬೆರಳು. ಆಮೇಲೆ ಇನ್ನೊಂದು. ಅವಳು ನಕ್ಕಳು.

ಮಧ್ಯಾಹ್ನದ ಊಟ ರೊಟ್ಟಿಯವಳ ಚಪ್ಪರದಲ್ಲಿ. ರೊಟ್ಟಿಯವಳು ಕುಡಿಯುವವಳ ಓರಗೆಯವಳು, ಕಷಾಯ ಕುಡಿದ ದಿನ ಅದೇ ಸಾಲಿನಲ್ಲಿ ಕೂತು ಅತ್ತವಳು. ಅವಳು ಬಂದವರಿಗೆಲ್ಲ ಬಿಸಿಬಿಸಿ ಜೋಳದ ರೊಟ್ಟಿ, ಅವರೆಕಾಳಿನ ಪಲ್ಯ ಬಡಿಸಿದಳು. ಕುಡಿಯುವವಳು ಎಂದಿನಂತೆ ದೂರದ ಮರದ ಕೆಳಗೆ ತಾನೇ ಕಿತ್ತು ತಂದ ಎಲೆ ಹಾಸಿಕೊಂಡು ಕೂತಳು. ರೊಟ್ಟಿಯವಳು ಬಂದು, ಮೊಳ ಎತ್ತರದಿಂದ, ಎಲೆಯ ಮೇಲೆ ರೊಟ್ಟಿ ಬೀಳಿಸಿ, ಕೈಮುಗಿದು ಹೋದಳು. ಊರಿನವರೆಲ್ಲ ಹಾಗೆಯೇ. ಕಂಡರೆ ಕೈಮುಗಿಯುವರು, ಎದುರಾದರೆ ದಾರಿ ಬಿಟ್ಟು ನಿಲ್ಲುವರು. ಯಾರ ಮನೆಯಲ್ಲೂ ಅವಳು ಒಳಗೆ ಕೂತು ಉಂಡದ್ದಿಲ್ಲ. ದೊಡ್ಡ ಕೆಲಸ ಮಾಡುವವಳು, ಅದಕ್ಕೆ ಇಷ್ಟು ಮರ್ಯಾದೆ ಎಂದು ಅವಳು ತಿಳಿದಿದ್ದಳು.

ಊಟವಾದ ಮೇಲೆ ಮಡು.

ಮಡುವಿನ ಮೊದಲ ಮೆಟ್ಟಿಲ ಬಳಿ ಒಂದು ತೊಟ್ಟಿ ಇತ್ತು. ಮೈಗೆ ಹಚ್ಚಿದ್ದನ್ನು ಅಲ್ಲಿ ತೊಳೆದುಕೊಂಡು ಇಳಿಯಬೇಕು ಎಂದು ಬರೆದ ಹಲಗೆ ಇತ್ತು. ಬಂದವರಲ್ಲಿ ಕೆಲವರು ಎರಡು ಬೆರಳು ಅದ್ದಿದರು, ಉಳಿದವರು ಹಲಗೆಯ ಮುಂದೆ ನಿಂತು ಚಿತ್ರ ತೆಗೆಸಿಕೊಂಡರು. ಮಾರ್ಗದರ್ಶಿ ಬಾವುಟ ಬೀಸಿ ಎಲ್ಲರನ್ನೂ ಕೆಳಗೆ ಬಿಟ್ಟ. ಆಮೇಲೆ ಅವರೆಲ್ಲ ಕೇಕೆ ಹಾಕುತ್ತ ಧುಮುಕಿದರು. ನೀರು ಕಾಣಿಸದಷ್ಟು ತಲೆಗಳು, ಅನ್ನ ಕುದಿಯುವ ಪಾತ್ರೆಯ ಹಾಗೆ.

ಕುಡಿಯುವವಳು ನೀರಿನಿಂದ ಏಳನೆಯ ಮೆಟ್ಟಿಲಲ್ಲಿ ಬುರುಡೆ ತೊಡೆಯ ಮೇಲಿಟ್ಟುಕೊಂಡು ಕೂತಳು. ಅದು ಅವಳ ಜಾಗ. ಅಲ್ಲಿಂದ ಎಲ್ಲ ಕಾಣುತ್ತಿತ್ತು. ಒಬ್ಬ ಮುದುಕ ಬಾಯಿ ತುಂಬ ನೀರು ತುಂಬಿಕೊಂಡು ಗೊಳಗೊಳ ಮುಕ್ಕಳಿಸಿ ಅಲ್ಲೇ ಉಗಿದ. ಒಬ್ಬ ಮೂಗು ಹಿಂಡಿ ಬೆರಳನ್ನು ನೀರಿನಲ್ಲಿ ಅಲ್ಲಾಡಿಸಿದ. ಒಬ್ಬ ಅಪ್ಪ ತನ್ನ ಮಗುವನ್ನು ದಡದಲ್ಲಿ ಎತ್ತಿ ಹಿಡಿದು, "ಮಾಡು ಮಾಡು, ಇಷ್ಟೊಂದು ನೀರಿದೆ, ಏನಾಗಲ್ಲ" ಎನ್ನುತ್ತಿದ್ದ. ಯಾರದೋ ಹಿಮ್ಮಡಿಯ ಪಟ್ಟಿ ಬಿಚ್ಚಿಕೊಂಡು ತೇಲುತ್ತಿತ್ತು. ಇಳಿಬಿದ್ದ ಬೇರುಗಳಿಗೆ ಉದ್ದುದ್ದ ಕೂದಲು ಸುತ್ತಿಕೊಂಡು ಗಂಟಾಗಿತ್ತು. ನೀರಿನ ಮೇಲೆ ಜಿಡ್ಡಿನ ಪೊರೆ, ಅದರಲ್ಲಿ ಕಾಮನಬಿಲ್ಲಿನ ಬಣ್ಣ. ಆ ಬಣ್ಣ ನೋಡಿ ಬಂದವರು, "ಎಷ್ಟು ಚೆಂದ!" ಎನ್ನುತ್ತಿದ್ದರು. ಬೇರಿನ ಸಂದಿಯಲ್ಲಿ ಎರಡು ಕುರುಡು ಮೀನು ಹೊಟ್ಟೆ ಮೇಲೆ ಮಾಡಿಕೊಂಡು ಬಿದ್ದಿದ್ದವು.

ಒಬ್ಬಳು ಮಾತ್ರ ನೀರಿಗೆ ಇಳಿದಿರಲಿಲ್ಲ. ತಲೆಗೆ ನೀಲಿ ರುಮಾಲು ಕಟ್ಟಿಕೊಂಡ ವಯಸ್ಸಾದ ಹೆಂಗಸು. ಅವಳು ಮೆಲ್ಲಗೆ ಬಂದು ಕುಡಿಯುವವಳ ಪಕ್ಕದಲ್ಲೇ ಕೂತಳು. ಈ ಊರಿನ ಮಾತು ಅವಳಿಗೆ ಅಷ್ಟಿಷ್ಟು ಬರುತ್ತಿತ್ತು.

"ನೀವು ಇದನ್ನ ಕುಡೀತೀರಾ? ದಿನಾಲೂ?"

"ಹೂಂ ಅಮ್ಮಾ."

"ನಿಮಗೆ ಹೇಸಿಗೆ ಆಗಲ್ವಾ?"

ಅಷ್ಟೇ ಕೇಳಿದ್ದು. ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ಹದಿನೆಂಟು ವರ್ಷದಲ್ಲಿ ಊರಿನವರಾಗಲಿ ಬಂದವರಾಗಲಿ ಅವಳನ್ನು ಆ ಮಾತು ಕೇಳಿರಲಿಲ್ಲ. ಕೇಳಿದರೆ ಕೊಡಬೇಕಾದ ಉತ್ತರವನ್ನು ಯಜಮಾನ ಕಲಿಸಿದ್ದ. ಅದನ್ನು ಹೇಳಲು ಅವಳು ಬಾಯಿ ತೆರೆದಳು. ನಾಲಿಗೆಯ ಕೆಳಗೆ ಏನೋ ಸಡಿಲವಾದಂತಾಯಿತು.

ಅಷ್ಟರಲ್ಲಿ ಮಾರ್ಗದರ್ಶಿ ಚಪ್ಪಾಳೆ ತಟ್ಟಿದ. ಬಿಸಿಲು ಸರಿಯುವ ಹೊತ್ತಾಗಿತ್ತು. ಬಂದವರು ತೊಪ್ಪೆಯಾಗಿ ಮೇಲೆ ಬಂದು ಮೆಟ್ಟಿಲ ತುಂಬ ಸುತ್ತುವರಿದು ನಿಂತರು. ಕುಡಿಯುವವಳು ಇಳಿದು, ಬುರುಡೆಯನ್ನು ಮೂರು ಸಲ ತಿರುಗಿಸಿ ನೀರು ತುಂಬಿಕೊಂಡು ಬಂದಳು. ಮಾರ್ಗದರ್ಶಿ ಕೈಯೆತ್ತಿ ದಿನವೂ ಹೇಳುವುದನ್ನು ಹೇಳಿದ:

"ನೀವು ಮಿಂದಿರಿ, ಊರು ಕುಡಿಯಿತು. ಯಾರದೂ ಕೊಳೆಯಿಲ್ಲ, ಯಾರದೂ ಕೊಳೆಯಿಲ್ಲ."

ಅವಳು ಬುರುಡೆಯನ್ನು ಬಾಯಿಗೆ ಹಿಡಿದಳು. ಮೊದಲ ಗುಟುಕು ಇಳಿಯಿತು. ಉಗುರುಬೆಚ್ಚಗೆ, ಉಪ್ಪುಪ್ಪಾಗಿ, ಜಾರುಜಾರಾಗಿ. ಎರಡನೆಯ ಗುಟುಕಿನಲ್ಲಿ ಒಂದು ಕೂದಲು ನಾಲಿಗೆಗೆ ಅಡ್ಡ ಬಂತು. ಹಿಂದೆಯೂ ಎಷ್ಟೋ ಸಲ ಬಂದಿತ್ತು, ಅವಳು ನುಂಗಿದ್ದಳು. ಇವತ್ತು ಅದು ನುಂಗಿದಷ್ಟೂ ಉದ್ದವಾಗುತ್ತಿದೆ ಅನ್ನಿಸಿತು. ನಿಮಗೆ ಹೇಸಿಗೆ ಆಗಲ್ವಾ? ಆಗುತ್ತೆ, ಆಗುತ್ತೆ, ಆಗುತ್ತೆ ಎಂದು ಹೊಟ್ಟೆಯೊಳಗಿಂದ ಯಾರೋ ಒದ್ದಂತಾಯಿತು. ಅವಳ ಮುಖ ಹಿಂಡಿದ ಬಟ್ಟೆಯಂತೆ ಕಿವುಚಿಕೊಂಡಿತು. ಬುರುಡೆ ಕೈಜಾರಿತು. ಅವಳು ಮೊಣಕಾಲೂರಿ, ಬಂದವರೆಲ್ಲರ ಮುಂದೆ, ಮೆಟ್ಟಿಲ ಮೇಲೆ ಕಕ್ಕಿದಳು. ಒಂದು ಸಲವಲ್ಲ. ಹದಿನೆಂಟು ವರ್ಷದ್ದೆಲ್ಲ ಬರುತ್ತಿದೆ ಎನ್ನುವ ಹಾಗೆ ಮತ್ತೆ ಮತ್ತೆ ಕಕ್ಕಿದಳು.

ಬಂದವರು ಹಿಂದೆ ಸರಿದರು. ಮಾರ್ಗದರ್ಶಿಯ ಮುಖ ಬಿಳಿಚಿಕೊಂಡಿತು, ಆಮೇಲೆ ಹೊಳೆಯಿತು. ಅವನು ಬಾವುಟ ಮೇಲೆತ್ತಿದ.

"ನೋಡಿದಿರಾ! ನಿಮ್ಮ ಕೊಳೆಯನ್ನೆಲ್ಲ ಇವಳು ಒಳಗೆ ತೆಗೆದುಕೊಂಡು ಹೊರಗೆ ಹಾಕಿದಳು. ಇದು ವರ್ಷಕ್ಕೊಮ್ಮೆ ಮಾತ್ರ. ನಿಮ್ಮ ಪುಣ್ಯ, ಇವತ್ತೇ ಬಂದಿರಿ."

ಒಬ್ಬರು ಚಪ್ಪಾಳೆ ತಟ್ಟಿದರು. ಆಮೇಲೆ ಎಲ್ಲರೂ ತಟ್ಟಿದರು. ಹಿಂದೆ ನಿಂತಿದ್ದ ಒಬ್ಬ ತನಗೆ ಚಿತ್ರ ಸಿಗಲಿಲ್ಲ, ಇನ್ನೊಂದು ಸಲ ಮಾಡಲು ಹೇಳಿ ಎಂದ. ನೀಲಿ ರುಮಾಲಿನ ಹೆಂಗಸು ಮಾತ್ರ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಕೂತಿದ್ದಳು.

ಕುಡಿಯುವವಳಿಗೆ ಚಪ್ಪಾಳೆ ಕೇಳಿಸಲಿಲ್ಲ. ಅವಳಿಗೆ ಕಟ್ಟಳೆ ನೆನಪಾಗಿತ್ತು. ನನ್ನ ಮುಖ ಕಿವುಚಿತು. ಮಡು ಊರಿನದಲ್ಲ. ಯಾರಾದರೂ ಒಂದು ಹನಿ ಕುಡಿದರೆ ಏನಾಗುತ್ತದೋ. ಅವಳು ಎದ್ದು, ಅರವತ್ತು ಮೆಟ್ಟಿಲು ಹತ್ತಿ, ಊರಿನ ಕಡೆ ಓಡಿದಳು.

ಇನ್ನೂ ಬಿಸಿಲಿತ್ತು. ಮೊದಲ ಮನೆ ಕುಂಬಾರನದು. ಅವನು ಜಗಲಿಯ ಮೇಲೆ ಮಣ್ಣು ತುಳಿಯುತ್ತಿದ್ದ.

"ಕುಡೀಬೇಡಿ! ಮಡುವಿನ ನೀರು ಕುಡೀಬೇಡಿ! ನನ್ನ ಮುಖ ಕಿವುಚಿಬಿಡ್ತು. ತಪ್ಪಾಯ್ತು, ನನ್ನಿಂದ ತಪ್ಪಾಯ್ತು!"

ಕುಂಬಾರ ಮಣ್ಣು ತುಳಿಯುವುದನ್ನು ನಿಲ್ಲಿಸಲಿಲ್ಲ. "ಆಗಲಿ ಬಿಡವ್ವ" ಎಂದ. "ನೀನ್ಯಾಕೆ ಇಷ್ಟು ದೂರ ಓಡಿ ಬಂದೆ."

ಅವನಿಗೆ ಅರ್ಥವಾಗಲಿಲ್ಲ ಎಂದುಕೊಂಡು ಅವಳು ಮುಂದಿನ ಮನೆಗೆ ಓಡಿದಳು. ಅಲ್ಲಿ ಸೂಲಗಿತ್ತಿ ಮುದುಕಿ ಬಟ್ಟೆ ಒಣಹಾಕುತ್ತಿದ್ದಳು. ಅವಳೂ ಕೇಳಿಸಿಕೊಂಡು, "ಹೌದಾ, ಸರಿ, ನೀನು ಹೋಗಿ ಮಲಗು ತಾಯಿ, ಮುಖವೆಲ್ಲ ಬಾಡಿದೆ" ಎಂದಳು. ಯಾರ ಮುಖದಲ್ಲೂ ಗಾಬರಿ ಇರಲಿಲ್ಲ.

ರೊಟ್ಟಿಯವಳು ಹಿತ್ತಲಲ್ಲಿ ಜೋಳದ ಹಿಟ್ಟಿಗೆ ನೀರು ಬಗ್ಗಿಸುತ್ತಿದ್ದಳು. ಕುಡಿಯುವವಳು ನುಗ್ಗಿ ಹೋಗಿ ಅವಳ ಕೈಯಿಂದ ಕೊಡ ಕಿತ್ತುಕೊಂಡಳು.

"ಬೇಡ! ಮಡು ನಮ್ಮದಲ್ಲ ಈಗ! ಚೆಲ್ಲು ಇದನ್ನ!"

"ಅಯ್ಯೋ, ಚೆಲ್ಲಬೇಡಿ ಅಕ್ಕಾ, ಇದು ಮಡುವಿನದಲ್ಲ!" ಎಂದು ರೊಟ್ಟಿಯವಳು ಕೊಡವನ್ನು ಹಿಂದಕ್ಕೆ ಎಳೆದುಕೊಂಡಳು. "ಆ ಹೊಲಸನ್ನ ಯಾರು ಕುಡೀತಾರೆ, ಛೀ!"

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡಳು.

ಕುಡಿಯುವವಳು ಅವಳ ಬೆನ್ನ ಹಿಂದೆ ನೋಡಿದಳು. ನೆಲದಲ್ಲಿ ಒಂದು ಚಪ್ಪಡಿ ಪಕ್ಕಕ್ಕೆ ಸರಿದಿತ್ತು. ಕೆಳಗೆ, ಬಿಳಿ ಕಲ್ಲನ್ನು ಹೂಜಿಯ ಆಕಾರದಲ್ಲಿ ಕೊರೆದು, ಗಾರೆ ಬಳಿದ ಗುಂಡಿ. ಅದರ ಕತ್ತಿನವರೆಗೆ ನೀರು. ಮಳೆಯ ನೀರು. ಪ್ರತಿ ಮನೆಯ ಹಿತ್ತಲಲ್ಲೂ ಅಂಥ ಚಪ್ಪಡಿ ಇರುವುದನ್ನು ಅವಳು ಬೇಲಿಯಾಚೆಯಿಂದ ನೋಡಿದ್ದಳು. ಜೋಳ ತುಂಬಿಡುವ ಹಗೇವು ಎಂದು ಹೇಳಿದ್ದರು. ಕುಡಿಯುವವಳ ಕಣ್ಣೆದುರು ನೀರು ಹೊರಬಾರದು, ಅವಳು ಮನೆ ಸೇರಿದ ಮೇಲೆ ನಾವು ಮಡುವಿಗೆ ಹೋಗುತ್ತೇವೆ ಎಂದೂ ಹೇಳಿದ್ದರು. ಅವಳು ನಂಬಿದ್ದಳು. ಹಗೇವು ತುಂಬುವಷ್ಟು ಜೋಳ ಕಾಣದ ಅವಳ ತಾಯಿಯ ಬಡಮನೆಯ ಹಿತ್ತಲಲ್ಲಿ ಮಾತ್ರ ಮೊದಲಿನಿಂದಲೂ ಚಪ್ಪಡಿ ಇರಲಿಲ್ಲ. ಹುಟ್ಟಿದಾಗಿನಿಂದ ಮನೆಯಲ್ಲೂ ಅವಳು ಕುಡಿದದ್ದು ಮಡುವಿನದನ್ನೇ.

"ಯಾವಾಗಿಂದ?" ಎಂದಳು.

"ನಿಮಗಿಂತ ಮುಂಚಿನವರ ಕಾಲದಿಂದ." ರೊಟ್ಟಿಯವಳು ತಲೆ ಎತ್ತಲಿಲ್ಲ. "ಅವರಿಗೂ ಗೊತ್ತಿರಲಿಲ್ಲ ಅಕ್ಕಾ."

"ನನ್ನ ಎಲೆಗೆ ಮೇಲಿಂದ ರೊಟ್ಟಿ ಬೀಳಿಸ್ತೀಯಲ್ಲ. ಅದು ಮರ್ಯಾದೆಗಾ?"

ರೊಟ್ಟಿಯವಳು ಹಿಟ್ಟಿನಲ್ಲಿ ಕೈಯಾಡಿಸುತ್ತ ಕೂತಳು.

ಕುಡಿಯುವವಳು ಅಲ್ಲಿಂದ ಯಜಮಾನನ ಮನೆಗೆ ನಡೆದಳು. ಈಗ ಓಡಲಿಲ್ಲ. ಜಗಲಿಯ ಮೇಲೆ ಯಜಮಾನ ಕೂತಿದ್ದ. ಪಕ್ಕದಲ್ಲಿ ಮಾರ್ಗದರ್ಶಿ ಆಗಲೇ ಬಂದು ಕೂತು, ಹೊಸ ಮಣ್ಣಿನ ಲೋಟದಲ್ಲಿ ನೀರು ಕುಡಿಯುತ್ತಿದ್ದ. ಅವಳನ್ನು ಕಂಡು ಇಬ್ಬರೂ ಎದ್ದು ಕೈಮುಗಿದರು.

"ಯಜಮಾನರೇ, ನಾನು ಯಾರಿಗೋಸ್ಕರ ಕುಡೀತಿದ್ದೆ?"

ಯಜಮಾನ ಅವಳ ಮುಖ ನೋಡಿ, ವಿಷಯ ತಿಳಿದಿದೆ ಎಂದು ಅರಿತುಕೊಂಡ. ಸುಳ್ಳು ಹೇಳುವ ಗೋಜಿಗೆ ಹೋಗಲಿಲ್ಲ.

"ಬಂದವರಿಗೋಸ್ಕರ ತಾಯಿ. ಮಿಂದು ಮೇಲೆ ಬಂದಾಗ ಅವರಿಗೂ ಒಳಗೊಳಗೆ ಗೊತ್ತಿರುತ್ತೆ, ಹೊಲಸು ಮಾಡಿದೆವು ಅಂತ. ನೀನು ಕುಡಿದು ನಕ್ಕರೆ ಅದು ಹೊಲಸಲ್ಲ ಅಂತಾಗುತ್ತೆ. ಹಗುರಾಗಿ ಹೋಗ್ತಾರೆ, ಮತ್ತೆ ಬರ್ತಾರೆ. ಊರು ನಡೀತಿರೋದೇ ಅದರಿಂದ."

"ಮತ್ತೆ ಕಟ್ಟಳೆ? ನನ್ನ ಮುಖ ಕಿವುಚಿತಲ್ಲ."

"ಕಟ್ಟಳೆಗೆ ಇನ್ನೊಂದು ಮಾತು ಸೇರಿಸಿದರಾಯ್ತು."

ಮಾರ್ಗದರ್ಶಿ ಉತ್ಸಾಹದಿಂದ ಮುಂದೆ ಬಗ್ಗಿದ. "ಆಗಲೇ ಸುದ್ದಿ ಹಬ್ಬಿದೆ. ನಾಳೆ ಎಂಟು ಗಾಡಿ. ಇವತ್ತಿನ ಹಾಗೇ ಮಾಡು, ಕುಡಿದು ಕಕ್ಕು. ಇನ್ನು ಮೇಲೆ ದಿನಾ ಹಾಗೇ. ಆದರೆ ಕಕ್ಕುವಾಗ ಸ್ವಲ್ಪ ಈ ಕಡೆ ತಿರುಗಿಕೋ. ಹಿಂದೆ ನಿಂತವರಿಗೆ ಕಾಣಲಿಲ್ಲವಂತೆ."

ಅವನ ತುಟಿಗಳು ಒದ್ದೆಯಾಗಿದ್ದವು. ಸ್ವಚ್ಛವಾದ ನೀರಿನ ಒದ್ದೆ. ಕುಡಿಯುವವಳು ಆ ತುಟಿಗಳನ್ನೇ ನೋಡಿದಳು. ಬಂದವರ ಉಗುಳು, ಬಂದವರ ಕೂದಲು, ಬಂದವರ ಜಿಡ್ಡು, ಇವುಗಳನ್ನು ಕಂಡು ಅವಳಿಗೆ ಇಷ್ಟು ವರ್ಷ ಹೇಸಿಗೆಯಾಗಿತ್ತು. ಈ ಎರಡು ಒದ್ದೆ ತುಟಿಗಳ ಮುಂದೆ ಅದೆಲ್ಲ ಏನೂ ಅಲ್ಲ ಅನ್ನಿಸಿತು. ಕಕ್ಕಿದರೂ ಹೋಗದಂಥ ಹೇಸಿಗೆ ಇದು. ಹೊಟ್ಟೆಯಲ್ಲಲ್ಲ, ಮೂಳೆಯಲ್ಲಿ ಕೂತಿತು.

"ಬರ್ತೀನಿ" ಎಂದಷ್ಟೇ ಹೇಳಿ ಮನೆಗೆ ಹೋದಳು.

ಮರುದಿನ ಎಂಟು ಗಾಡಿ ಬಂದವು. ಅವಳು ನಿಲುವಂಗಿ ತೊಟ್ಟು ಹೋದಳು. ಗುಡ್ಡದಲ್ಲಿ ಮಾರ್ಗದರ್ಶಿ "ಇವಳೂ ಅದೇ ವಂಶ" ಎಂದಾಗ ಮುಖ ಚಾಚಲಿಲ್ಲ. ಅವನು ಕಣ್ಣು ಕೆಂಪಗೆ ಮಾಡಿ, ಬಂದವರಿಗೆ ಕಲ್ಲಿನ ತುಟಿಯನ್ನೇ ಇನ್ನೊಂದು ಸಲ ತೋರಿಸಿದ. ಊಟದ ಹೊತ್ತಿಗೆ ರೊಟ್ಟಿಯವಳು ಬಂದಾಗ ಮರದ ಕೆಳಗೆ ಎಲೆ ಹಾಸಿರಲಿಲ್ಲ.

ಮಡುವಿನಲ್ಲಿ ಅವಳು ಏಳನೆಯ ಮೆಟ್ಟಿಲಲ್ಲಿ ಕೂತಳು. ಕೆಳಗೆ ಮೈಗೆ ಮೈ ತಾಗುವಷ್ಟು ಜನ. ಕೇಕೆ, ಉಗುಳು, ನಗು. ಅವಳು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಬುರುಡೆಯನ್ನು ಪಕ್ಕಕ್ಕಿಟ್ಟು ಎದ್ದು ನಿಂತು, ಮೆಟ್ಟಿಲಿಳಿಯತೊಡಗಿದಳು.

"ಏಯ್, ನಿನ್ನ ಹೊತ್ತು ಇನ್ನೂ ಆಗಿಲ್ಲ" ಎಂದ ಮಾರ್ಗದರ್ಶಿ ಮೇಲಿಂದ.

ಅವಳು ನಿಲ್ಲಲಿಲ್ಲ. ಪಾದ ಮುಳುಗಿತು, ಮೊಣಕಾಲು ಮುಳುಗಿತು. ಬಿಳಿ ನಿಲುವಂಗಿ ನೀರಿನ ಮೇಲೆ ಹರಡಿಕೊಂಡಿತು. ಹದಿನೆಂಟು ವರ್ಷ ಕುಡಿದ ನೀರಿಗೆ ಅವಳು ಇಳಿದದ್ದು ಅದೇ ಮೊದಲು.

ಹತ್ತಿರ ಈಜುತ್ತಿದ್ದವಳು ತಿರುಗಿ ನೋಡಿದಳು.

"ಇವಳು ಆ ಕುಡಿಯೋಳಲ್ವಾ?"

"ನಿನ್ನೆ ಕಕ್ಕಿದವಳು?"

"ಅಯ್ಯಯ್ಯೋ, ನೀರಿಗಿಳಿದಳಲ್ಲ!"

ಆ ಮಾತು ಒಬ್ಬರಿಂದ ಒಬ್ಬರಿಗೆ ಹಬ್ಬಿತು. ಪಕ್ಕದವರು ಸರಿದರು, ಅವರ ಪಕ್ಕದವರು ಅವರಿಗಿಂತ ಬೇಗ ಸರಿದರು. ಅವಳು ಒಂದು ಹೆಜ್ಜೆ ಮುಂದಿಟ್ಟಳು, ಮಡು ಒಂದು ಹೆಜ್ಜೆ ಖಾಲಿಯಾಯಿತು. ಬಾಯಿ ಮುಕ್ಕಳಿಸುತ್ತಿದ್ದವನು ಥೂ ಥೂ ಎಂದು ಉಗಿದು ತುಟಿ ಒರೆಸಿಕೊಂಡ. ಅಪ್ಪಂದಿರು ಮಕ್ಕಳನ್ನು ಎತ್ತಿಕೊಂಡು, "ಕಣ್ಣಿಗೆ ಹೋಗ್ತಾ? ಬಾಯಿಗೆ ಹೋಗ್ತಾ?" ಎಂದು ಕೇಳುತ್ತ ಮೆಟ್ಟಿಲ ಕಡೆ ನುಗ್ಗಿದರು. ಒಬ್ಬರನ್ನೊಬ್ಬರು ತಳ್ಳಿಕೊಂಡರು. ಅವರು ಬಿಟ್ಟದ್ದೇ ಅವಳೊಳಗೆ ಇದ್ದದ್ದು. ಅವಳ ಮೈಮೇಲೆ ಅದನ್ನು ಕಂಡಾಗ ಮಾತ್ರ ಅವರಿಗೆ ಹೇಸಿಗೆಯಾಯಿತು.

ನೀರಿನಲ್ಲಿ ಅವಳೊಬ್ಬಳೇ ಉಳಿದಳು. ಅಲೆ ನಿಧಾನವಾಗಿ ಅಡಗಿತು.

"ಕುಡಿ!" ಎಂದು ಮಾರ್ಗದರ್ಶಿ ಕಿರುಚಿದ. "ಮೇಲೆ ಬಂದು ಕುಡಿ ಮೊದಲು! ಎಲ್ಲರೂ ಹೊರಟು ಹೋಗ್ತಾರೆ!"

"ಇವತ್ತು ಮಿಂದವಳು ನಾನು" ಎಂದಳು ಅವಳು. ದನಿ ಎತ್ತರಿಸಲಿಲ್ಲ. ಮಡುವಿನ ಗೋಡೆಗಳೇ ಅದನ್ನು ಮೇಲಕ್ಕೆ ಒಯ್ದವು. "ಮಿಂದ ನೀರನ್ನ ಊರಿನ ಒಬ್ಬರು ಕುಡೀಬೇಕು. ನೀವೂ ಊರಿನವರೇ ಅಲ್ವಾ. ಬುರುಡೆ ಅಲ್ಲೇ ಇದೆ ನೋಡಿ."

ಮೆಟ್ಟಿಲ ಮೇಲಿದ್ದವರೆಲ್ಲ ತಿರುಗಿ ನಿಂತರು. ಕೆಲವರು ಚಿತ್ರ ತೆಗೆಯಲು ಕೈಯೆತ್ತಿದರು. ಮಾರ್ಗದರ್ಶಿ ಬುರುಡೆ ನೋಡಿದ, ಜನರನ್ನು ನೋಡಿದ. ಎಂಟು ಗಾಡಿಯ ಜನ. ಅವನು ಕೆಳಗಿಳಿದು ಬುರುಡೆ ಎತ್ತಿಕೊಂಡು ನೀರು ತುಂಬಿದ. ನಗಲು ನೋಡಿದ.

"ನೀವು ಮಿಂದಿರಿ..." ಎಂದು ಶುರುಮಾಡಿ ನಿಲ್ಲಿಸಿದ. ಬುರುಡೆ ಮೂಗಿನ ಹತ್ತಿರ ಬಂತು. ನೀರು ತುಟಿಗೆ ತಾಗುವ ಮೊದಲೇ ಅವನ ಮುಖವೆಲ್ಲ ಮುದುಡಿ ಒಂದು ಮುಷ್ಟಿಯಾಯಿತು. ಬುರುಡೆ ವಾಲಿ ನೀರು ಎದೆಯ ಮೇಲೆ ಚೆಲ್ಲಿತು. ಚೆಲ್ಲಿದ್ದನ್ನು ಮೈಗೆ ಬೆಂಕಿ ಬಿದ್ದವನಂತೆ ಒರೆಸಿಕೊಳ್ಳುತ್ತ, ಬುರುಡೆಯನ್ನು ಬಿಸುಟು, ಮೆಟ್ಟಿಲು ಹತ್ತಿ ಹೊರಟುಹೋದ.

ಆಗ ಯಾರೂ ಚಪ್ಪಾಳೆ ತಟ್ಟಲಿಲ್ಲ. ಬಂದವರು ಒಬ್ಬರ ಕೈ ಒಬ್ಬರು ನೋಡಿಕೊಂಡರು, ತಮ್ಮ ತಮ್ಮ ತೋಳು ಮೂಸಿಕೊಂಡರು. ಮೇಲಿನ ತೊಟ್ಟಿಯಲ್ಲಿ ತೊಳೆದುಕೊಳ್ಳಲು ಜಗಳವಾಡಿದರು. ಗಾಡಿಗಳು ಬೇಗನೆ ಹೊರಟವು.

ಮರುದಿನ ಎರಡು ಗಾಡಿ ಬಂದವು, ಅದರ ಮರುದಿನ ಒಂದು. ಆಮೇಲೆ ಬರಲಿಲ್ಲ. ಬೇರೆ ಊರಿನಲ್ಲಿ ಬೇರೆ ಮಡು ಇದೆಯಂತೆ, ಅಲ್ಲಿಗೆ ಹೋಗುತ್ತಾರಂತೆ ಎಂದು ಸುದ್ದಿ ಬಂತು. ಮಾರ್ಗದರ್ಶಿಯೂ ಬಾವುಟ ಸುತ್ತಿಕೊಂಡು ಅಲ್ಲಿಗೇ ಹೋದ. ಯಜಮಾನ ಅವಳನ್ನು ಊರು ಬಿಡಿಸಬೇಕು ಎಂದು ಪಂಚಾಯಿತಿ ಸೇರಿಸಿದ. ಎಲ್ಲರೂ ಒಪ್ಪಿದರು. ಆದರೆ ಅವಳನ್ನು ಊರಾಚೆ ದಬ್ಬಬೇಕಾದರೆ ಯಾರಾದರೂ ಅವಳ ಕೈ ಹಿಡಿದು ಎಳೆಯಬೇಕಿತ್ತು. ಅದಕ್ಕೆ ಯಾರೂ ಮುಂದೆ ಬರಲಿಲ್ಲ. ಹೀಗೆ ಅವಳು ಅಲ್ಲೇ ಉಳಿದಳು.

ಅವಳು ತನ್ನ ಹಿತ್ತಲಿನ ಬಿಳಿ ಕಲ್ಲನ್ನು ತಾನೇ ಕೊರೆದಳು. ನಾಲ್ಕು ತಿಂಗಳು ಹಿಡಿಯಿತು. ಗಾರೆ ಅರೆದು ಒಳಗೆಲ್ಲ ಬಳಿದಳು. ಮೊದಲ ಮಳೆಗೆ ಗುಂಡಿ ಅರ್ಧ ತುಂಬಿತು. ಒಂದು ಲೋಟ ಎತ್ತಿಕೊಂಡು ಹೊಸ್ತಿಲ ಮೇಲೆ ಕೂತು ಕುಡಿದಳು. ನೀರಿಗೆ ರುಚಿಯೇ ಇರುವುದಿಲ್ಲ ಎಂಬುದು ಅವಳಿಗೆ ತಿಳಿದದ್ದು ನಲವತ್ತನೆಯ ವಯಸ್ಸಿನಲ್ಲಿ.

ಬೆಳಿಗ್ಗೆ ಬೆಳಿಗ್ಗೆ ಮಡುವಿಗೆ ಹೋಗುವುದನ್ನು ಬಿಡಲಿಲ್ಲ. ಬೇರಿಗೆ ಸುತ್ತಿದ ಕೂದಲನ್ನು ಒಂದೊಂದಾಗಿ ಬಿಡಿಸಿ ದೂರ ಒಯ್ದು ಹೂಳಿದಳು. ಹಳೆಯ ಬಟ್ಟೆ ಹಾಸಿ ಜಿಡ್ಡು ಎತ್ತಿದಳು. ನೆಲದ ಕೆಳಗಿನ ಹರಿವು ಉಳಿದದ್ದನ್ನು ಸ್ವಲ್ಪ ಸ್ವಲ್ಪವಾಗಿ ಒಯ್ಯಿತು. ಎರಡು ಮಳೆಗಾಲ ಕಳೆದವು. ಹೇಸಿಗೆ ಮಾತ್ರ ಅವಳ ಮೂಳೆಯಿಂದ ಪೂರ್ತಿ ಹೋಗಲಿಲ್ಲ. ಊರಿನವರ ಮುಖ ಕಂಡರೆ ಮತ್ತೆ ಮೇಲೆ ಬರುತ್ತಿತ್ತು. ಅದಕ್ಕೇ ಅವಳು ಮನುಷ್ಯರು ಏಳುವ ಮೊದಲೇ ಈಜಿ ಬರುತ್ತಿದ್ದಳು.

ಅದರ ಮುಂದಿನ ಬೇಸಿಗೆಯಲ್ಲಿ ನೆಲ ಒಮ್ಮೆ ನಡುಗಿತು. ಮನೆಗಳಿಗೆ ಏನೂ ಆಗಲಿಲ್ಲ, ಕೆಲವು ಹಿತ್ತಲುಗಳ ಗುಂಡಿ ಬಿರುಕು ಬಿಟ್ಟಿತು. ರೊಟ್ಟಿಯವಳ ಗುಂಡಿ ಒಂದೇ ದಿನಕ್ಕೆ ಬರಿದಾಯಿತು. ಪಕ್ಕದವರು ಎರಡು ದಿನ ಕೊಟ್ಟರು, ಮೂರನೆಯ ದಿನ ಚಪ್ಪಡಿ ಮುಚ್ಚಿದರು. ನಾಲ್ಕನೆಯ ದಿನ ಬೆಳಗಿನ ಬೆಳಕಿನಲ್ಲಿ ರೊಟ್ಟಿಯವಳು ಕೊಡ ಹಿಡಿದು ಮಡುವಿನ ಮೆಟ್ಟಿಲಿಳಿದು ಬಂದಳು.

ಆಗಷ್ಟೇ ಮಿಂದು ಮೇಲೆ ಬಂದವಳು ನೀರಂಚಿನ ಕಟ್ಟೆಯ ಮೇಲೆ ಕೂತು ಕೂದಲು ಹಿಂಡಿಕೊಳ್ಳುತ್ತಿದ್ದಳು. ರೊಟ್ಟಿಯವಳು ಸ್ವಲ್ಪ ದೂರದಲ್ಲೇ ನಿಂತಳು. ತುಟಿ ಒಡೆದಿತ್ತು.

"ಅಕ್ಕಾ, ಈಗ ಈ ನೀರು ಹೇಗಿದೆ?"

"ನೀರಿನ ಹಾಗಿದೆ."

"ಕುಡೀಬಹುದಾ?"

"ನಿನಗೆ ಬಿಟ್ಟದ್ದು."

ರೊಟ್ಟಿಯವಳು ನೀರನ್ನೂ ಅವಳ ಒದ್ದೆ ಮೈಯನ್ನೂ ನೋಡಿದಳು. ಬಹಳ ಹೊತ್ತು ಕೊಡವನ್ನು ಈ ಸೊಂಟದಿಂದ ಆ ಸೊಂಟಕ್ಕೆ ಬದಲಾಯಿಸಿದಳು. ಕೊನೆಗೆ ಮೆತ್ತಗೆ, ಬೇಡಿಕೊಳ್ಳುವ ದನಿಯಲ್ಲಿ ಹೇಳಿದಳು:

"ನೀವು ಒಂದು ಗುಟುಕು ಕುಡಿದು ತೋರಿಸಿಬಿಟ್ರೆ, ನನಗೂ ಧೈರ್ಯ ಬರ್ತಿತ್ತು."

ಅವಳು ಎದ್ದು ಬಟ್ಟೆ ಕೊಡವಿದಳು.

"ನನಗೆ ಬಾಯಾರಿಕೆ ಇಲ್ಲ" ಎಂದಳು.

ಹಾಗೆ ಹೇಳಿ ಮೆಟ್ಟಿಲು ಹತ್ತತೊಡಗಿದಳು. ಅರ್ಧ ಹತ್ತಿದಾಗ ಕೆಳಗೆ ಕೊಡ ಕಲ್ಲಿನ ಮೇಲೆ ಕೂತ ಸದ್ದಾಯಿತು, ಆಮೇಲೆ ಬೊಗಸೆ ನೀರಿಗಿಳಿದ ಸದ್ದು. ಅವಳು ತಿರುಗಿ ನೋಡಲಿಲ್ಲ.